ಒಂದೇ ಅಂಗಡಿ, ಎರಡು ಗಿಬ್ಸನ್: ಹಳೆಯ ಮ್ಯಾಂಡೊಲಿನ್ ಖರೀದಿಯ ಒಂದು ಪ್ರಕರಣ

ಕೊಂಡವಳು ನನ್ನ ಗೆಳತಿ. ಮೈಸೂರಿನವಳು, ಚಿಕ್ಕಂದಿನಿಂದ ವೀಣೆ ಕಲಿತವಳು. ಈಗ ಅಮೆರಿಕದ ಮಿಶಿಗನ್ ರಾಜ್ಯದಲ್ಲಿದ್ದಾಳೆ. ಅವಳಿಗೆ ಒಂದು ಅಕೂಸ್ಟಿಕ್ ಮ್ಯಾಂಡೊಲಿನ್ ಬೇಕಾಗಿತ್ತು. ಶನಿವಾರ ಅಲ್ಲಿನ ಬ್ಲೂಗ್ರಾಸ್ (ಅಮೆರಿಕದ ಒಂದು ಜನಪದ ಶೈಲಿಯ ಸಂಗೀತ) ಗುಂಪಿನ ಜೊತೆ ಕೂತು ನುಡಿಸಬೇಕು, ಮನೆಯಲ್ಲಿ ವರ್ಣ, ಕೀರ್ತನೆ ನುಡಿಸಬೇಕು. ಕೈಯಲ್ಲಿದ್ದದ್ದು 1,500 ಡಾಲರ್.

ಹಳೆಯ ವಾದ್ಯಗಳನ್ನು ಮಾರುವ ಒಂದು ಅಂಗಡಿಯಲ್ಲಿ ಗಿಬ್ಸನ್ ಕಂಪನಿಯ ಎರಡು ಮ್ಯಾಂಡೊಲಿನ್‌ಗಳಿದ್ದವು. ಒಂದು 1920ರ ಸುಮಾರಿನ ಎ-2 ಮಾದರಿ, ಬೆಲೆ 2,100 ಡಾಲರ್. ಇನ್ನೊಂದು 1918ರ ಸುಮಾರಿನ ಸಾದಾ ಎ ಮಾದರಿ, 1,350 ಡಾಲರ್. ಮೊದಲನೆಯದು ಗಾಜಿನ ಬೀರುವಿನಲ್ಲಿತ್ತು. ಅದರ ಬಿರಡೆ, ಕುದುರೆ (ಮೇಲ್ಹಲಗೆಯ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡು), ತಂತಿ ಕಟ್ಟುವ ಟೇಲ್‌ಪೀಸಿನ ಮುಚ್ಚಳ, ಪೆಟ್ಟಿಗೆ ಎಲ್ಲವೂ ಅಂದಿನವೇ. ಎರಡನೆಯದರ ಬಿರಡೆ ಬದಲಾಗಿತ್ತು, ಕುದುರೆ ಬದಲಾಗಿತ್ತು, ಮುಚ್ಚಳ ಕಳೆದುಹೋಗಿತ್ತು. ಮೇಲ್ಹಲಗೆಯಲ್ಲಿ ಒಂದು ಹಳೆಯ ಬಿರುಕು ಇತ್ತು. ಗೆಳತಿ ಹೇಗಾದರೂ ದುಡ್ಡು ಹೊಂದಿಸಿ ಮೊದಲನೆಯದನ್ನೇ ಕೊಳ್ಳುವ ಮನಸ್ಸು ಮಾಡಿದ್ದಳು. ಕೊನೆಗೆ ಕೊಂಡದ್ದು ಎರಡನೆಯದನ್ನು. ಆ ನಡುವೆ ಏನೇನು ನೋಡಿದೆವು, ಯಾವ ಲೆಕ್ಕ ಹಾಕಿದೆವು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಹಳೆಯ ಮ್ಯಾಂಡೊಲಿನ್‌ಗಳ ಒಳಗನ್ನು ನೋಡುವ ಅಭ್ಯಾಸ ನನಗಿರುವುದರಿಂದ ಅವಳು ನನ್ನನ್ನು ಜೊತೆಗೆ ಕರೆದಿದ್ದಳು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಳೆಯ ವಾದ್ಯದ ಬೆಲೆಚೀಟಿ ಬರೆಯುವುದು ಸಂಗ್ರಹ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ಯಾವ ಭಾಗ ಮೂಲದ್ದು, ಯಾವುದು ಅಲ್ಲ ಅನ್ನೋದರ ಮೇಲೆ ಅಲ್ಲಿ ಬೆಲೆ ನಿಲ್ಲುತ್ತದೆ. ನುಡಿಸುವವರಿಗೆ ಬೇಕಾಗಿದ್ದು ಬೇರೆ. ದಂಡಿ ನೆಟ್ಟಗಿದೆಯಾ, ಮೇಲ್ಹಲಗೆ ತಂತಿಯ ಎಳೆತ ತಡೆಯುತ್ತಿದೆಯಾ, ಶ್ರುತಿ ನಿಲ್ಲುತ್ತದೆಯಾ. ಬೇರೆಯವರು ಕೊರತೆ ಅಂತ ಬೆಲೆ ಇಳಿಸಿದ್ದು ನುಡಿಸುವವರಿಗೆ ಎಷ್ಟೋ ಸಲ ಅನುಕೂಲವೇ ಆಗಿರುತ್ತದೆ.

ನೂರು ವರ್ಷದ ವಾದ್ಯ ಈ ಬೆಲೆಗೆ ಹೇಗೆ ಸಿಗುತ್ತದೆ?

ಗೆಳತಿಯ ಮೊದಲ ಅನುಮಾನ ಇದೇ. ಶತಮಾನ ದಾಟಿದ ಗಿಬ್ಸನ್ ಸಾವಿರ ಚಿಲ್ಲರೆ ಡಾಲರ್‌ಗೆ ಸಿಗುತ್ತಿದೆ ಅಂದರೆ ಏನೋ ಮೋಸ ಇರಬೇಕು ಅಲ್ವಾ?

ಇಲ್ಲ. 1900ರಿಂದ 1920ರವರೆಗೆ ಅಮೆರಿಕದಲ್ಲಿ ಮ್ಯಾಂಡೊಲಿನ್‌ಗೆ ಭಾರೀ ಬೇಡಿಕೆ ಇತ್ತು. ಊರೂರಲ್ಲಿ ಮ್ಯಾಂಡೊಲಿನ್ ಕ್ಲಬ್, ಕಾಲೇಜುಗಳಲ್ಲಿ ಮ್ಯಾಂಡೊಲಿನ್ ಆರ್ಕೆಸ್ಟ್ರಾ. ಗಿಬ್ಸನ್ ಕಂಪನಿ ಹುಟ್ಟಿದ್ದೇ 1902ರಲ್ಲಿ, ಮಿಶಿಗನ್‌ನ ಕಲಮಜೂ ಊರಲ್ಲಿ. ಅದಕ್ಕೆ ಹೆಸರು ಕೊಟ್ಟ ಆರ್ವಿಲ್ ಗಿಬ್ಸನ್ ಪಿಟೀಲಿನ ಹಾಗೆ ಮರವನ್ನು ಕೆತ್ತಿ ಉಬ್ಬಿಸಿದ ಹಲಗೆಯ ಮ್ಯಾಂಡೊಲಿನ್‌ಗೆ 1898ರಲ್ಲೇ ಪೇಟೆಂಟ್ ಪಡೆದಿದ್ದರು. ಕಂಪನಿ ಸಂಗೀತ ಮೇಷ್ಟ್ರುಗಳನ್ನೇ ಏಜೆಂಟ್ ಮಾಡಿಕೊಂಡು, ಕಂತಿನ ಮೇಲೆ ವಾದ್ಯ ಮಾರಿತು. ಹೀಗಾಗಿ ಎ ಮಾದರಿಯ ಮ್ಯಾಂಡೊಲಿನ್‌ಗಳು ಸಾವಿರಾರು ಮನೆ ಸೇರಿದವು. ಆಮೇಲೆ ಬ್ಯಾಂಜೊ ಕಾಲ ಬಂತು, ಮ್ಯಾಂಡೊಲಿನ್‌ಗಳು ಅಟ್ಟ ಸೇರಿದವು. ಬಹಳಷ್ಟು ಹಾಗೇ ಉಳಿದುಕೊಂಡವು. ಇವತ್ತಿಗೂ ಅವು ಮಾರುಕಟ್ಟೆಗೆ ಬರುತ್ತಲೇ ಇವೆ, ಅದಕ್ಕೇ ಬೆಲೆ ಕೈಗೆಟುಕುವಷ್ಟಿದೆ.

ಲಕ್ಷ ಡಾಲರ್ ದಾಟುವ ಗಿಬ್ಸನ್ ಮ್ಯಾಂಡೊಲಿನ್ ಬೇರೆ. ಅದು 1922ರಿಂದ 1924ರ ನಡುವೆ ಕಂಪನಿಯ ವಾದ್ಯತಜ್ಞ ಲಾಯ್ಡ್ ಲೋರ್ ಪರೀಕ್ಷಿಸಿ ಸಹಿ ಹಾಕಿದ ಎಫ್-5 ಮಾದರಿ. ಬ್ಲೂಗ್ರಾಸ್ ಸಂಗೀತದ ಹಿರಿಯ ಬಿಲ್ ಮನ್ರೋ 1940ರ ದಶಕದಿಂದ ಕೊನೆಯವರೆಗೆ ನುಡಿಸಿದ್ದು 1923ರ ಜುಲೈ 9ರ ಸಹಿ ಇರುವ ಅಂಥದ್ದೇ ಒಂದನ್ನು. ಅದರ ಮುಂದೆ ಕೂರಿಸಿದರೆ ಎ ಮಾದರಿ ಬಡವರ ಮನೆಯದು ಅನ್ನಿಸುತ್ತದೆ. ಆದರೆ ಮರ, ಕೆತ್ತನೆ, ಕೈಕೆಲಸ ಯಾವುದರಲ್ಲೂ ಅದು ಕಡಿಮೆಯದಲ್ಲ. ಉದ್ದುರುಟು ಬಾಯಿಯ (ಮೇಲ್ಹಲಗೆಯಲ್ಲಿ ದನಿ ಹೊರಬರುವ ತೂತು) ಈ ಎ ಮಾದರಿಯಲ್ಲಿ ದನಿ ಗುಂಡಗೆ, ಆಳವಾಗಿ ಬರುತ್ತದೆ, ಮೀಟಿದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೀರ್ತನೆಗೆ ನನಗೆ ಅದೇ ಜಾಸ್ತಿ ಇಷ್ಟ.

ಅದೇ ಅಂಗಡಿಯಲ್ಲಿ ಬುರುಡೆ ಬೆನ್ನಿನ ಹಳೆಯ ಮ್ಯಾಂಡೊಲಿನ್ ಒಂದಿತ್ತು. ಮುತ್ತಿನ ಚಿಪ್ಪಿನ ಕುಸುರಿ, ಬೆಲೆ 200 ಡಾಲರ್. ಗೆಳತಿಗೆ ವೀಣೆಯ ಕೊಡ ನೆನಪಾಯಿತೋ ಏನೋ, ಅದನ್ನು ಕೈಯಿಂದ ಬಿಡಲೇ ಇಲ್ಲ. ನಾನು ಬೇಡ ಅಂದೆ. ಆ ಜಾತಿಯ ವಾದ್ಯಗಳನ್ನು ಬಹಳ ತೆಳುವಾದ ತಂತಿಗೆಂದು ಮಾಡಿರುತ್ತಾರೆ. ಆಮೇಲೆ ಯಾರೋ ಇವತ್ತಿನ ದಪ್ಪ ತಂತಿ ಹಾಕುತ್ತಾರೆ, ದಂಡಿ ಮುಂದಕ್ಕೆ ಬಾಗುತ್ತದೆ, ಹಲಗೆ ಮುರಿಯುತ್ತದೆ. ಇದರಲ್ಲಿ ಹನ್ನೆರಡನೇ ಮೆಟ್ಟಿನ (ಫ್ರೆಟ್) ಮೇಲೆ ತಂತಿ ಎಷ್ಟು ಎತ್ತರಕ್ಕಿತ್ತೆಂದರೆ ಒತ್ತಿದರೆ ಬೆರಳು ನೋಯುತ್ತಿತ್ತು. ದಂಡಿ ಬಿಡಿಸಿ ಕೂರಿಸುವ ಕೂಲಿ ವಾದ್ಯದ ಬೆಲೆಯನ್ನು ಮೀರುತ್ತದೆ. ಗೋಡೆಗೆ ಅಲಂಕಾರಕ್ಕೆ ಬೇಕಿದ್ದರೆ ಸರಿ.

ಬೀರುವಿನೊಳಗಿನ ಎ-2

ಮೊದಲು ಅವಳ ಮನಸ್ಸು ಕದ್ದದ್ದನ್ನೇ ತೆಗೆಸಿದೆವು. ಚೀಟಿಯಲ್ಲಿ ಎರಡು ಮಾತು ದಪ್ಪಕ್ಷರದಲ್ಲಿದ್ದವು. ‘ಪೂರ್ತಿ ಮೂಲ ಸ್ಥಿತಿ’ ಮತ್ತು ‘ಲೋರ್ ಕಾಲದ್ದು’. ಎರಡೂ ಸುಳ್ಳಲ್ಲ. ಲಾಯ್ಡ್ ಲೋರ್ ಗಿಬ್ಸನ್‌ನಲ್ಲಿ ಕೆಲಸಕ್ಕೆ ಸೇರಿದ್ದು 1919ರಲ್ಲಿ. ಆದರೆ ಅವರು ಸಹಿ ಹಾಕಿದ್ದು ಎಫ್-5ರ ಹಾಗೆ ಹೆಸರಿನಲ್ಲಿ 5 ಇರುವ ಮೇಲ್ದರ್ಜೆಯ ವಾದ್ಯಗಳಿಗೆ ಮಾತ್ರ. ಸಾಲಿನಲ್ಲಿ ತಯಾರಾಗುತ್ತಿದ್ದ ಎ-2ಕ್ಕೂ ಅವರಿಗೂ ಇದ್ದ ನಂಟು ಅಂದರೆ ಒಂದೇ ಕಟ್ಟಡ, ಒಂದೇ ಕಾಲ. ಆ ಹೆಸರಿಗಾಗಿ ನುಡಿಸುವವರು ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ವಾದ್ಯ ಕೈಗೆ ಬಂದ ಕೂಡಲೇ ನುಡಿಸಲು ಹೋಗಬಾರದು. ಮೊದಲು ತಲೆಯ ಕಡೆಯಿಂದ ಕಣ್ಣಿನ ಮಟ್ಟಕ್ಕೆ ಹಿಡಿದು ದಂಡಿಯ ಗೆರೆ ನೋಡಬೇಕು. ಆಮೇಲೆ ಒಂದು ತಂತಿಯನ್ನು ಮೊದಲ ಮೆಟ್ಟಿನಲ್ಲೂ ಕೊನೆಯ ಮೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿದು, ಏಳನೇ ಮೆಟ್ಟಿನ ಹತ್ತಿರ ತಂತಿಗೂ ಮೆಟ್ಟಿಗೂ ನಡುವೆ ಎಷ್ಟು ಸಂದು ಇದೆ ನೋಡಬೇಕು. ಕೂದಲೆಳೆಯಷ್ಟಿದ್ದರೆ ಒಳ್ಳೆಯದು. ಇಲ್ಲಿ ವಿಸಿಟಿಂಗ್ ಕಾರ್ಡ್ ಸಲೀಸಾಗಿ ಒಳಗೆ ಹೋಯಿತು. ಅಂದರೆ ದಂಡಿ ಬಾಗಿದೆ. ಗಿಬ್ಸನ್ ದಂಡಿಯೊಳಗೆ ತಿರುಗಿಸಿ ಸರಿಮಾಡುವ ಕಬ್ಬಿಣದ ಸರಳು ಬಂದದ್ದು 1922ರ ಹೊತ್ತಿಗೆ. ಅದಕ್ಕಿಂತ ಹಿಂದಿನ ವಾದ್ಯದಲ್ಲಿ ಬಾಗನ್ನು ಸ್ಕ್ರೂ ತಿರುಗಿಸಿ ತೆಗೆಯುವ ಹಾಗಿಲ್ಲ. ಮೆಟ್ಟು ಕಿತ್ತು, ಬೆರಳುಹಲಗೆ ತೀಡಿ, ಹೊಸ ಮೆಟ್ಟು ಕೂರಿಸಬೇಕು.

ಆಮೇಲೆ ಕುದುರೆ ನೋಡಿದೆವು. ಅಂದಿನ ಕುದುರೆಯೇ, ಎಬೊನಿ ಮರದ್ದು. ಆದರೆ ಅದರ ಪಾದದ ಕೆಳಗೆ ಒಂದು ತೆಳು ಮರದ ಚೂರು. ಅಂಟಿನ ಗೆರೆ ಕಾಣದ ಹಾಗೆ ನೀಟಾಗಿ ಕೂರಿಸಿದ್ದರು, ಬಣ್ಣವೂ ಹೊಂದಿತ್ತು. ಬೆಳಕಿಗೆ ಹಿಡಿದಾಗ ಮಾತ್ರ ಮರದ ಗೆರೆ ಅಡ್ಡ ಹೋಗಿರುವುದು ಕಾಣಿಸಿತು. ಕುದುರೆಯ ಕೆಳಗೆ ಚೂರು ಯಾಕೆ ಬೇಕಾಗುತ್ತದೆ? ಒಂದು ಕಾಲದಲ್ಲಿ ತಂತಿ ತಗ್ಗಾಗಿ ಮೆಟ್ಟಿಗೆ ತಾಗಿ ಝರ್ ಅಂದಿರುತ್ತದೆ. ತಂತಿ ತಗ್ಗಾಗಲು ಕಾರಣ, ಕುದುರೆ ಕೂತಿರುವ ಹಲಗೆಯೇ ತಗ್ಗಿದೆ.

ಹಾಗಾಗಿ ಮೇಲ್ಹಲಗೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆವು. ಕೆತ್ತಿದ ಹಲಗೆ ಆರೋಗ್ಯವಾಗಿದ್ದರೆ ಬೆಳಕಿನ ಪಟ್ಟಿ ಎಡದಿಂದ ಬಲಕ್ಕೆ ನಯವಾಗಿ ಬಾಗಿ ಹೋಗುತ್ತದೆ. ಇಲ್ಲಿ ಕುದುರೆ ಮತ್ತು ಬಾಯಿಯ ನಡುವೆ, ದಪ್ಪ ತಂತಿಯ ಕಡೆ, ಪಟ್ಟಿ ಮುರಿದು ಒಳಕ್ಕೆ ಜಾರಿತು.

ಅಂಗಡಿಯವರ ಒಪ್ಪಿಗೆ ಪಡೆದು ನಡುವಿನ ತಂತಿಗಳನ್ನು ಸಡಿಲಿಸಿದೆವು. ಹಲ್ಲಿನ ಡಾಕ್ಟರ್ ಬಳಸುವ ಪುಟ್ಟ ಕನ್ನಡಿ, ಒಂದು ಸಣ್ಣ ಟಾರ್ಚು, ಇಷ್ಟು ಸಾಕು. ಆ ಕಾಲದ ಎ ಮಾದರಿಯಲ್ಲಿ ಮೇಲ್ಹಲಗೆಯ ಒಳಗೆ ಒಂದೇ ಒಂದು ಅಡ್ಡಪಟ್ಟಿ ಇರುತ್ತದೆ, ಬಾಯಿಯ ಹಿಂದೆಯೇ, ಕುದುರೆಗಿಂತ ಮುಂಚೆ. ಇಡೀ ಹಲಗೆಗೆ ಆಸರೆ ಅದೇ. ಕನ್ನಡಿಯಲ್ಲಿ ಪಟ್ಟಿಯ ಒಂದು ತುದಿಯಲ್ಲಿ ಕಪ್ಪು ಗೆರೆ ಕಂಡಿತು. ಅದು ನೆರಳೋ ಸಂದೋ ಗೊತ್ತಾಗಲಿಲ್ಲ. ರಸೀದಿ ಕಾಗದದ ಒಂದು ತುಂಡು ಹರಿದು, ಎರಡು ಬೆರಳಲ್ಲಿ ಬಾಯಿಯೊಳಗೆ ಇಳಿಸಿ, ಪಟ್ಟಿಗೂ ಹಲಗೆಗೂ ನಡುವೆ ತಳ್ಳಿದೆ. ಒಂದು ಅಂಗುಲದಷ್ಟು ಒಳಗೆ ಹೋಯಿತು. ಅಂಟು ಬಿಟ್ಟಿತ್ತು.

ಅಂಗಡಿಯ ರಿಪೇರಿ ಮಾಡುವವರನ್ನೇ ಕರೆದು ತೋರಿಸಿದೆವು. ಅವರು ಅಲ್ಲಗಳೆಯಲಿಲ್ಲ, ತಾವೂ ಕಾಗದ ಹಾಕಿ ನೋಡಿ ಹೌದು ಅಂದರು. ಪಟ್ಟಿ ಮತ್ತೆ ಅಂಟಿಸಲು 250 ಡಾಲರ್, ಮೆಟ್ಟು ಮತ್ತು ದಂಡಿಯ ಕೆಲಸಕ್ಕೆ 450 ಡಾಲರ್ ಅಂತ ಅಂದಾಜು ಕೊಟ್ಟರು. ತಗ್ಗಿದ ಹಲಗೆ ಪೂರ್ತಿ ಮೇಲೆ ಬರುವುದಿಲ್ಲ, ಅಲ್ಲಿಗೇ ನಿಲ್ಲಿಸಬಹುದು ಅಷ್ಟೇ ಅಂತಲೂ ಹೇಳಿದರು. ಆ ಪ್ರಾಮಾಣಿಕತೆ ನನಗೆ ತುಂಬಾ ಹಿಡಿಸಿತು. ಒಳ್ಳೆಯ ಅಂಗಡಿಯನ್ನು ಗುರುತಿಸೋದು ಹೀಗೆ. ಕೇಳಿದ ಪ್ರಶ್ನೆಗೆ ರಿಪೇರಿಯವರನ್ನು ಮುಂದೆ ಕರೆತರುತ್ತಾರೆ.

ಇನ್ನೊಂದು ಸಂಗತಿ ನುಡಿಸಿದಾಗ ಗೊತ್ತಾಯಿತು. ಎಲ್ಲೂ ಒತ್ತದೆ ಮೀಟಿದಾಗ ಎ ತಂತಿ (ಎ ಸ್ವರಕ್ಕೆ ಕಟ್ಟುವ ತಂತಿ) ಶ್ರುತಿಗೆ ಸರಿ ಇತ್ತು. ಅದೇ ತಂತಿಯನ್ನು ಹನ್ನೆರಡನೇ ಮೆಟ್ಟಿನಲ್ಲಿ ಒತ್ತಿದರೆ ಫೋನಿನ ಟ್ಯೂನರ್ ಮುಳ್ಳು ಬಲಕ್ಕೆ ಓಡುತ್ತಿತ್ತು. ಕುದುರೆ ಎಲ್ಲಿ ಸರಿಸಿದರೂ ಒಂದು ಸರಿಹೋದರೆ ಇನ್ನೊಂದು ತಪ್ಪುತ್ತಿತ್ತು. ಅಂದಿನ ಕುದುರೆಗಳನ್ನು ಕೆತ್ತಿದ್ದು ಮೇಲೆ ಸುತ್ತು ತಂತಿ ಇರುವ ಎ ತಂತಿಗೆ. ಇವತ್ತಿನ ಸೆಟ್‌ಗಳಲ್ಲಿ ಎ ಸಾದಾ ಉಕ್ಕಿನ ತಂತಿ. ಅದಕ್ಕೆ ಕುದುರೆಯ ಮೇಲಿನ ಅಂಚು ಇನ್ನೂ ಹಿಂದೆ ಇರಬೇಕು. ಇಲ್ಲದಿದ್ದರೆ ಮೇಲೆ ಹೋದಂತೆ ಶ್ರುತಿ ಏರುತ್ತದೆ. ವೀಣೆಯಲ್ಲಿ ಪಳಗಿದ ಕಿವಿ ಇದನ್ನು ಸಹಿಸೋದಿಲ್ಲ. ಗೆಳತಿ ತಾರಸ್ಥಾಯಿಯ ಒಂದು ಸಂಗತಿ ನುಡಿಸಿ ತಕ್ಷಣ ಕೈ ತೆಗೆದಳು. ಚೀಟಿಯಲ್ಲಿ ಬೆಲೆ ಏರಿಸಿದ್ದ ‘ಮೂಲ ಕುದುರೆ’ಯೇ ಅವಳ ಪಾಲಿಗೆ ಮೊದಲು ಬದಲಿಸಬೇಕಾದ ಭಾಗವಾಗಿತ್ತು.

ಗೋಡೆಯ ಮೇಲಿದ್ದ ಎ

ಎರಡನೆಯದು ನೋಡಲು ಸಾದಾ. ಕಂದು ಬಣ್ಣ, ಅಂಚಿನಲ್ಲಿ ಸವೆತ, ಬೆರಳು ತಾಗಿದ ಕಡೆ ವಾರ್ನಿಷ್ ಹೋಗಿ ಮರ ಕಾಣುತ್ತಿತ್ತು. ಮೇಲ್ಹಲಗೆ ಸ್ಪ್ರೂಸ್, ಹಿಂದೆ ಮತ್ತು ಬದಿಗೆ ಬರ್ಚ್. ಗಿಬ್ಸನ್ ಕ್ಯಾಟಲಾಗ್‌ನಲ್ಲಿ ಮೇಪಲ್ ಅಂತ ಬರೆಯುತ್ತಿದ್ದರೂ ಈ ಮಾದರಿಗಳಲ್ಲಿ ಇರುವುದು ಬರ್ಚ್. ಬಾಯಿಯೊಳಗೆ ಇಣುಕಿದರೆ ಲೇಬಲ್ ಮೇಲೆ ಒಂದು ಸಂಖ್ಯೆ, ದಂಡಿ ಸೇರುವ ಮರದ ತುಂಡಿನ ಮೇಲೆ ಕಾರ್ಖಾನೆಯ ಆರ್ಡರ್ ಸಂಖ್ಯೆ. ಲೇಬಲ್ ಒಂದನ್ನೇ ನಂಬಬಾರದು. ಎರಡೂ ಹೊಂದಿದರೆ ವರ್ಷದ ಅಂದಾಜು ಗಟ್ಟಿಯಾಗುತ್ತದೆ. ಇಲ್ಲಿ ಎರಡೂ 1918ರ ಆಸುಪಾಸಿಗೆ ಬಂದವು. ಆರ್ವಿಲ್ ಗಿಬ್ಸನ್ ತೀರಿಕೊಂಡ ವರ್ಷ ಅದು. ಕಲಮಜೂವಿನ ಪಾರ್ಸನ್ಸ್ ಬೀದಿಯಲ್ಲಿ ಕಂಪನಿಯ ಹೊಸ ಕಾರ್ಖಾನೆ ಎದ್ದದ್ದು ಅದರ ಹಿಂದಿನ ವರ್ಷ.

ಇದರ ಬಿರುಕು ಬೆರಳುಹಲಗೆಯ ಪಕ್ಕದಿಂದ ಶುರುವಾಗಿ ಬಾಯಿಯವರೆಗೆ ಬಂದಿತ್ತು. ಹೊರಗಿಂದ ಕಣ್ಣಿಗೆ ಹೊಡೆಯುತ್ತದೆ, ಹೆದರಿಕೆ ಆಗುವುದು ಸಹಜ. ಒಳಗೆ ಕನ್ನಡಿ ಹಾಕಿದರೆ ಬಿರುಕಿನ ಉದ್ದಕ್ಕೂ ಪುಟ್ಟ ಮರದ ಬಿಲ್ಲೆಗಳನ್ನು ಅಡ್ಡಡ್ಡ ಅಂಟಿಸಿದ್ದರು. ಕೆಲಸ ಹಳೆಯದು, ಗಟ್ಟಿ. ಎರಡೂ ಕಡೆ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಅಲುಗಾಟ ಇಲ್ಲ, ಸದ್ದಿಲ್ಲ. ಮರದ ಎಳೆಯ ಉದ್ದಕ್ಕೇ ಸೀಳಿದ ಬಿರುಕನ್ನು ಹೀಗೆ ಕೂಡಿಸಿದರೆ ವಾದ್ಯಕ್ಕೆ ತೊಂದರೆ ಇಲ್ಲ. ಅಡ್ಡಪಟ್ಟಿಗೆ ಕಾಗದ ಎಲ್ಲೂ ಒಳಗೆ ಹೋಗಲಿಲ್ಲ. ಹಲಗೆಯ ಮೇಲೆ ಬೆಳಕಿನ ಪಟ್ಟಿ ಎಲ್ಲೂ ಮುರಿಯಲಿಲ್ಲ. ದಂಡಿ ಮೈಗೆ ಸೇರುವ ಹಿಮ್ಮಡಿಯಲ್ಲಿ ಸಂದು ಇಲ್ಲ.

ಬಣ್ಣ ಮತ್ತೆ ಹೊಡೆದಿದ್ದಾರಾ ಅನ್ನೋದು ಇನ್ನೊಂದು ಮುಖ್ಯ ಪ್ರಶ್ನೆ. ಪೂರ್ತಿ ಕೆರೆದು ಹೊಸ ಬಣ್ಣ ಹೊಡೆದರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ ಅನ್ನೋದು ಈ ವ್ಯಾಪಾರದಲ್ಲಿ ಎಲ್ಲರೂ ಹೇಳುವ ಮಾತು. ಬೆಲೆಗಿಂತ ನನಗೆ ಚಿಂತೆ ಬೇರೆ. ಬಣ್ಣ ಕೆರೆಯುವಾಗ ಮರವನ್ನೂ ಉಜ್ಜಿ ತೆಳ್ಳಗೆ ಮಾಡಿರಬಹುದು. ಅಂಗಡಿಯ ನೇರಳಾತೀತ (ಯುವಿ) ದೀಪದ ಕೆಳಗೆ ಹಿಡಿದಾಗ ವಾರ್ನಿಷ್ ಎಲ್ಲ ಕಡೆ ಒಂದೇ ಥರ ಹೊಳೆಯಿತು. ಬಿರುಕಿನ ಗೆರೆ ಮಾತ್ರ ಬೇರೆ ಬಣ್ಣದಲ್ಲಿ ಕಂಡಿತು. ಅಲ್ಲಿಗೆ ಸಮಾಧಾನ ಆಯಿತು.

ಇನ್ನು ಬದಲಾದ ಭಾಗಗಳು. ಬಿರಡೆ ಹೊಸದು, ಸಲೀಸಾಗಿ ತಿರುಗುತ್ತಿತ್ತು, ಬಿಟ್ಟಲ್ಲಿ ನಿಲ್ಲುತ್ತಿತ್ತು. ಎ-2ರ ಮೂಲ ಬಿರಡೆಗಳಲ್ಲಿ ಒಂದು ಜಿಗಿಯುತ್ತಿತ್ತು, ಅದರ ಗುಂಡಿ ಪುಡಿಯಾಗಲು ಶುರುವಾಗಿತ್ತು. ಕುದುರೆ ಹೊಸದು, ಎತ್ತರ ತಗ್ಗಿಸುವ ಚಕ್ರ ಇರುವಂಥದ್ದು, ಸಾದಾ ಎ ತಂತಿಗೆ ಸರಿಯಾಗಿ ಕೆತ್ತಿದ್ದು. ಮೆಟ್ಟುಗಳನ್ನೂ ಯಾರೋ ಬದಲಿಸಿದ್ದರು. ಮೂಲದ ತೀರ ಸಣ್ಣ ಮೆಟ್ಟುಗಳ ಬದಲು ಒಂಚೂರು ದಪ್ಪನೆಯವು. ಗಮಕಕ್ಕೆ, ಅದರಲ್ಲೂ ಜಾರು ಹಿಡಿಯುವವರಿಗೆ, ಇದು ವರ. ಬೆರಳಿಗೆ ಆಸರೆ ಕೊಡುವ ಸೆಲ್ಯುಲಾಯ್ಡ್ ರಕ್ಷಾಪಟ್ಟಿ ಇರಲಿಲ್ಲ. ಅದೂ ಒಳ್ಳೆಯದೇ. ಹಳೆಯ ಸೆಲ್ಯುಲಾಯ್ಡ್ ಕೆಡಲು ಶುರುವಾದರೆ ಅದರ ಹೊಗೆ ಹತ್ತಿರದ ತಂತಿ, ಮೆಟ್ಟುಗಳಿಗೆ ಕಿಲುಬು ಹಿಡಿಸುತ್ತದೆ.

ಹೀಗೆ ಬೆಲೆ ಇಳಿಸಿದ್ದ ಪ್ರತಿಯೊಂದು ಸಂಗತಿಯೂ ಅವಳಿಗೆ ಬೇಕಾದದ್ದೇ ಆಗಿತ್ತು. ಇದನ್ನು ಯಾರೋ ವರ್ಷಗಟ್ಟಲೆ ನುಡಿಸಿದ್ದಾರೆ, ನುಡಿಸಲೆಂದೇ ದುಡ್ಡು ಹಾಕಿ ಸರಿಮಾಡಿಸಿದ್ದಾರೆ. ಆ ಖರ್ಚನ್ನು ಅವರು ವಾಪಸ್ ಪಡೆಯಲಾಗಲಿಲ್ಲ.

ಲೆಕ್ಕ ಮತ್ತು ಚೌಕಾಸಿ

ಮಿಶಿಗನ್‌ನಲ್ಲಿ ಮಾರಾಟ ತೆರಿಗೆ ಶೇಕಡಾ 6. ಎ-2ಕ್ಕೆ 2,100ರ ಮೇಲೆ ತೆರಿಗೆ 126, ರಿಪೇರಿ 700. ಒಟ್ಟು 2,926 ಡಾಲರ್. ಅಷ್ಟು ಮಾಡಿದ ಮೇಲೂ ತಗ್ಗಿದ ಹಲಗೆ, ಕುದುರೆಯ ಕೆಳಗಿನ ಚೂರು ಹಾಗೇ ಉಳಿಯುತ್ತವೆ. ಮೆಟ್ಟು ಬದಲಿಸಿದ ಕೂಡಲೇ ‘ಪೂರ್ತಿ ಮೂಲ ಸ್ಥಿತಿ’ ಅನ್ನೋ ಮಾತೂ ಹೋಗುತ್ತದೆ. ಅಂದರೆ ಯಾವುದಕ್ಕಾಗಿ ಜಾಸ್ತಿ ಕೊಟ್ಟಳೋ ಅದನ್ನು ತಾನೇ ದುಡ್ಡು ಕೊಟ್ಟು ಅಳಿಸಿದ ಹಾಗೆ. ಎ ಮಾದರಿಗೆ 1,350, ತೆರಿಗೆ 81, ಒಟ್ಟು 1,431.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದಾಗಲೇ ಗೆಳತಿಯ ಮನಸ್ಸು ತಿರುಗಿದ್ದು. ಅಲ್ಲಿಯವರೆಗೆ ಅವಳ ಕಣ್ಣು ಬೀರುವಿನ ಕಡೆಗೇ ಇತ್ತು.

ಚೌಕಾಸಿಯಲ್ಲಿ ನಾವು ಬೆಲೆ ಇಳಿಸಿ ಅನ್ನಲಿಲ್ಲ. ಹಳೆಯ ವಾದ್ಯದ ಅಂಗಡಿಯಲ್ಲಿ ಕೆಲಸ ಕೇಳಿ ಪಡೆಯುವುದು ದುಡ್ಡು ಬಿಡಿಸಿಕೊಳ್ಳುವುದಕ್ಕಿಂತ ಸುಲಭ, ಲಾಭವೂ ಹೆಚ್ಚು. ನಟ್‌ನ (ದಂಡಿಯ ತಲೆಯ ಹತ್ತಿರ ತಂತಿ ಹಾಯುವ ಪಟ್ಟಿ) ಕಚ್ಚುಗಳು ಸ್ವಲ್ಪ ಎತ್ತರವಾಗಿದ್ದವು, ಅವನ್ನು ಇಳಿಸಿಕೊಡಿ, ತೆಳು ತಂತಿಯ ಹೊಸ ಸೆಟ್ ಹಾಕಿ, ಕುದುರೆ ಸರಿಯಾಗಿ ಕೂರಿಸಿಕೊಡಿ ಅಂದೆವು. ಒಪ್ಪಿದರು. ಜೊತೆಗೆ 48 ಗಂಟೆಯೊಳಗೆ ಬೇಡವಾದರೆ ವಾಪಸ್ ತೆಗೆದುಕೊಳ್ಳುತ್ತೇವೆ ಅನ್ನೋದನ್ನು ರಸೀದಿಯ ಮೇಲೆ ಬರೆಸಿಕೊಂಡೆವು. ವರ್ಷ, ಎರಡೂ ಸಂಖ್ಯೆ, ಬಿರುಕಿನ ರಿಪೇರಿ, ಬದಲಾದ ಭಾಗಗಳು, ಇವೂ ರಸೀದಿಯಲ್ಲಿ ಇರಬೇಕು. ಮುಂದೆ ವಿಮೆಗೆ, ಮಾರಾಟಕ್ಕೆ, ವಿಮಾನ ನಿಲ್ದಾಣದಲ್ಲಿ ತೋರಿಸುವುದಕ್ಕೆ ಅದೇ ಆಧಾರ. ಸುಮ್ನೆ ‘ಹಳೆಯ ಮ್ಯಾಂಡೊಲಿನ್’ ಅಂತ ಬರೆದ ರಸೀದಿಯಿಂದ ಪ್ರಯೋಜನ ಇಲ್ಲ.

ಮನೆಗೆ ಬಂದ ಮೇಲೆ

ತೆಳು ತಂತಿ ಕೇಳಿದ್ದಕ್ಕೆ ಕಾರಣ ಇದೆ. ಇವತ್ತಿನ ಮಧ್ಯಮ ದಪ್ಪದ ಎಂಟು ತಂತಿಗಳನ್ನು ಪೂರ್ತಿ ಶ್ರುತಿಗೆ ಏರಿಸಿದರೆ ಒಟ್ಟು ಎಳೆತ 80 ಕಿಲೋ ಆಸುಪಾಸು. ನೂರು ವರ್ಷದ ಹಲಗೆ, ಒಂದೇ ಅಡ್ಡಪಟ್ಟಿ. ತಡೆಯಬಹುದು, ಆದರೆ ತಡೆಯಲೇಬೇಕು ಅಂತ ಯಾಕೆ ಒತ್ತಾಯ?

ಬ್ಲೂಗ್ರಾಸ್‌ಗೆ ಪಿಟೀಲಿನ ಪಾಶ್ಚಾತ್ಯ ಶ್ರುತಿಯೇ, ಕೆಳಗಿನಿಂದ ಜಿ, ಡಿ, ಎ, ಇ. ಕರ್ನಾಟಕ ಸಂಗೀತಕ್ಕೆ ಗೆಳತಿ ಎ ಜೋಡಿಯನ್ನು ಜಿಗೆ, ಇ ಜೋಡಿಯನ್ನು ಡಿಗೆ ಇಳಿಸುತ್ತಾಳೆ. ಆಗ ಜಿ-ಡಿ-ಜಿ-ಡಿ, ಅಂದರೆ ಐದು ಮನೆ ಶ್ರುತಿಯಲ್ಲಿ ಸ-ಪ-ಸ-ಪ. ಅವಳು ಹಾಡುವುದೂ ಅದೇ ಶ್ರುತಿಯಲ್ಲಿ. ಇದರ ಚಂದ ಏನೆಂದರೆ ಯಾವ ತಂತಿಯನ್ನೂ ಏರಿಸಬೇಕಾಗಿಲ್ಲ. ಇಳಿಸಿದ ಎರಡು ಜೋಡಿಗಳ ಎಳೆತ ಐದನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ, ತಂತಿ ಎಳೆದು ಗಮಕ ತೆಗೆಯಲೂ ಹಗುರ. ಇದರ ಬದಲು ಕೆಳಗಿನ ಜಿ ತಂತಿಯನ್ನು ಏರಿಸಿ ಶ್ರುತಿ ಮಾಡುವವರೂ ಇದ್ದಾರೆ. ಹಳೆಯ ವಾದ್ಯದ ಮೇಲೆ ನಾನು ಅದನ್ನು ಮಾಡಲು ಬಿಡುವುದಿಲ್ಲ.

ಜೋಡಿ ತಂತಿಯಲ್ಲಿ ಗಮಕ ಕಷ್ಟ ಅನ್ನೋದು ನಿಜ. ಎರಡನ್ನೂ ಒಂದೇ ಅಳತೆಗೆ ಎಳೆಯಬೇಕು, ಇಲ್ಲದಿದ್ದರೆ ಅಪಸ್ವರ. ಉ. ಶ್ರೀನಿವಾಸ್ ಒಂಟಿ ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು ಕರ್ನಾಟಕ ಸಂಗೀತದಲ್ಲಿ ಅದಕ್ಕೊಂದು ಸ್ಥಾನ ಗಳಿಸಿಕೊಟ್ಟರು. ಅಕೂಸ್ಟಿಕ್‌ನಲ್ಲಿ ಅದೇ ಬೇಕಿದ್ದರೆ ಪ್ರತಿ ಜೋಡಿಯಲ್ಲೂ ಒಂದೊಂದು ತಂತಿ ಬಿಚ್ಚಿಡಬಹುದು. ದನಿ ಸಣ್ಣದಾಗುತ್ತದೆ, ವಾದ್ಯಕ್ಕೆ ಹಾನಿ ಇಲ್ಲ, ಬೇಕಾದಾಗ ಮತ್ತೆ ಹಾಕಬಹುದು. ಗೆಳತಿ ಸದ್ಯಕ್ಕೆ ಜೋಡಿಯನ್ನೇ ಇಟ್ಟುಕೊಂಡಿದ್ದಾಳೆ. ಎಳೆಯುವ ಗಮಕಕ್ಕಿಂತ ಜಾರು ಜಾಸ್ತಿ ಬಳಸುತ್ತಾಳೆ. ಮೋಹನ, ಹಂಸಧ್ವನಿ ಇದರಲ್ಲಿ ಚೆನ್ನಾಗಿ ಕೂರುತ್ತವೆ. ತೋಡಿ ಇನ್ನೂ ಒಗ್ಗಿಲ್ಲ.

ಮಿಶಿಗನ್‌ನ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆ ಒಣಗಿಹೋಗುತ್ತದೆ, ಹಳೆಯ ಬಿರುಕು ಬಾಯಿ ಬಿಡುವುದು ಆಗಲೇ. ಪೆಟ್ಟಿಗೆಯೊಳಗೆ ತೇವದ ಪೊಟ್ಟಣ ಇಟ್ಟು ಆರ್ದ್ರತೆಯನ್ನು ಶೇಕಡಾ 45ರಿಂದ 55ರ ನಡುವೆ ಕಾಯುತ್ತಾಳೆ. ಕಾರಿನಲ್ಲಿ ಮಾತ್ರ ಯಾವ ಕಾಲದಲ್ಲೂ ಬಿಡಬಾರದು. ಈ ವಾದ್ಯಗಳನ್ನು ಜೋಡಿಸಿರುವುದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟಿನಲ್ಲಿ, ಬಿಸಿ ಏರಿದರೆ ಅದು ಮೆತ್ತಗಾಗುತ್ತದೆ.

ಮುಂದಿನ ಬಾರಿ ಊರಿಗೆ ಬರುವಾಗ ಇದನ್ನೂ ತರುವ ಯೋಚನೆ ಅವಳದ್ದು. ಕೆಲವು ಹಳೆಯ ಇಟಾಲಿಯನ್ ಮ್ಯಾಂಡೊಲಿನ್‌ಗಳಲ್ಲಿ ನಿಜವಾದ ಆಮೆಚಿಪ್ಪು, ದಂತ ಇರುತ್ತದೆ. ಅಂಥವನ್ನು ದೇಶ ದಾಟಿಸಲು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದಡಿ ಪರವಾನಗಿ ಬೇಕು. ಇದರಲ್ಲಿ ಅವೆರಡೂ ಇಲ್ಲ ಅನ್ನೋದನ್ನು ಅಂಗಡಿಯವರಿಂದ ರಸೀದಿಯ ಹಿಂದೆ ಬರೆಸಿಕೊಂಡಿದ್ದಾಳೆ. ವಿಮಾನದಲ್ಲಿ ಲಗೇಜಿಗೆ ಹಾಕದೆ ಕೈಯಲ್ಲೇ ತರುತ್ತಾಳೆ, ತಂತಿಯನ್ನು ಒಂದೆರಡು ಸ್ವರ ಇಳಿಸಿ, ಕುದುರೆಯ ಎರಡೂ ಬದಿಗೆ ಬಟ್ಟೆ ಒತ್ತಿ. ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಯ ಒತ್ತಡದಿಂದಷ್ಟೇ ನಿಂತಿರುತ್ತದೆ. ಅದು ಸರಿದರೆ ಮತ್ತೆ ಕೂರಿಸಲು ಅದರ ಪಾದದ ಜಾಗವನ್ನು ಪೆನ್ಸಿಲಿನಿಂದ ಗುರುತು ಮಾಡುವ ಬದಲು ಫೋಟೊ ತೆಗೆದಿಟ್ಟುಕೊಂಡಿದ್ದಾಳೆ, ಜೊತೆಗೆ ಹನ್ನೆರಡನೇ ಮೆಟ್ಟಿನಿಂದ ಕುದುರೆಗೆ ಎಷ್ಟು ಮಿಲಿಮೀಟರ್ ಅಂತ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿದ್ದಾಳೆ.